ಕಡೆಗೆ ಅವಳು ಏನಾದಳು?

ಚೆನ್ನಭೈರಾದೇವಿ ಬಗ್ಗೆ ಒಂದು ಕಿರುಚಿತ್ರ ಮಾಡಬೇಕೆಂದು ನಾವು ನಾಲ್ವರು ಹೊರಟೆವು. ಒಬ್ಬ ಭಟ್ಕಳದವನು, ಇಬ್ಬರು ಹೊನ್ನಾವರದವರು, ಒಬ್ಬಳು ಕುಮಟಾದವಳು. ಮೂರೂ ಊರು ಅವಳ ಸೀಮೆಯೇ. ಕೈಯಲ್ಲಿದ್ದದ್ದು ಒಂದು ಮೊಬೈಲು, ಒಂದು ಟ್ರೈಪಾಡು.

ಮೊದಲು ಹೋಗಿದ್ದು ಅವಳ ಹೆಸರು ಹೊತ್ತ ಮಿರ್ಜಾನ್ ಕೋಟೆಗೆ. ಹಸಿರು ಹಾವಸೆ ಹತ್ತಿದ ಗೋಡೆ, ಎಲ್ಲಿ ಕ್ಯಾಮೆರಾ ಇಟ್ಟರೂ ಚೆಂದ. ಅಲ್ಲೇ ಕೂತು ಕತೆ ಬರೆದೆವು. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಮೇಲೆ ಬಿದ್ದದ್ದು, ಹಡಗು, ತೋಪು, ಬೆಂಕಿ. ನಮಗೆ ಸಿಗುವುದು ಒಂದು ಪಾತಿದೋಣಿ ಎಂಬುದು ಆಮೇಲೆ ನೆನಪಾಯಿತು.

ಬರೆದದ್ದನ್ನು ನಮ್ಮಲ್ಲೊಬ್ಬನ ಅಜ್ಜಿಗೆ ಓದಿ ಹೇಳಿದೆವು. ಪೂರ್ತಿ ಕೇಳಿ ಅಜ್ಜಿ ಕೇಳಿದ್ದು ಒಂದೇ: "ಕಡಿಗೆ ಅವ್ಳು ಎಂತಾ ಆದ್ಲು?"

ನಮ್ಮ ಕತೆ 1606ಕ್ಕೆ ಮುಗಿದಿತ್ತು. ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆ ಗೆದ್ದ, ರಾಣಿ ಸೆರೆಯಾದಳು, ಪರದೆ ಕಪ್ಪು. ಐವತ್ತನಾಲ್ಕು ವರ್ಷ ಆಳಿದವಳು ಎನ್ನುತ್ತಾರೆ. ಹಾಗಾದರೆ ಸೆರೆಯಾದಾಗ ಅವಳಿಗೂ ಅಜ್ಜಿಯದೇ ಪ್ರಾಯ.

ಹುಡುಕಿದಾಗ ಸಿಕ್ಕವನು ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ. 1623ರಲ್ಲಿ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಏರಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದವನು. ಅಷ್ಟು ಹೊತ್ತಿಗೆ ಗೇರುಸೊಪ್ಪೆಯ ಅರಮನೆ ಮೇಲೆ ಮರ ಬೆಳೆದಿತ್ತು, ಉಳಿದದ್ದು ಕೆಲವು ಗುಡಿಸಲು. ರಾಣಿಯನ್ನು ಇಕ್ಕೇರಿಗೆ ಒಯ್ದು ಮರ್ಯಾದೆಯಿಂದಲೇ ಸೆರೆಯಲ್ಲಿಟ್ಟಿದ್ದರು, ಅಲ್ಲೇ ತೀರಿಕೊಂಡಳು ಎಂದು ಬರೆದಿದ್ದಾನೆ. ಜೊತೆಗೆ ಇನ್ನೊಂದು ಮಾತೂ ಇದೆ: ಯಾರೋ ಪರಊರಿನವನಿಗೆ ಮನಸೋತು ಅಧಿಕಾರ ಕೊಟ್ಟಳು, ಅವನೇ ತಿರುಗಿಬಿದ್ದ, ಅದರಿಂದಲೇ ರಾಜ್ಯ ಹೋಯಿತು ಎಂದು.

ಇಲ್ಲಿ ನಮ್ಮಲ್ಲಿ ಜಗಳ ಹತ್ತಿತು. ಸಿನಿಮಾಕ್ಕೆ ಬೇಕಾದ ಮಸಾಲೆ ಇದೇ ಎಂದರು ಇಬ್ಬರು. ಕುಮಟಾದವಳು ಒಪ್ಪಲಿಲ್ಲ. ಡೆಲ್ಲಾ ವಾಲೆ ಬಂದದ್ದು ಪೋರ್ಚುಗೀಸ್ ರಾಯಭಾರಿಯ ಜೊತೆ, ಹೋದದ್ದು ವೆಂಕಟಪ್ಪನ ಆಸ್ಥಾನಕ್ಕೆ. ಎರಡೂ ಕಡೆಯವರು ಅವಳ ಮೇಲೆ ಯುದ್ಧ ಮಾಡಿದವರೇ. ಸೋತ ಹೆಂಗಸಿನ ಬಗ್ಗೆ ಗೆದ್ದವರ ಕಡೆ ಕೇಳಿದ ಸುದ್ದಿಯನ್ನು, ಪತ್ರಿಕೋದ್ಯಮ ಓದಿದ ನಾವು, ಹಾಗೇ ಹಾಕುವುದಾ? ಎರಡು ದಿನ ಮಾತು ಬಿಟ್ಟೆವು. ಕಡೆಗೆ ಆ ಭಾಗ ಕೈಬಿಟ್ಟೆವು, ಈಗಲೂ ಒಬ್ಬನಿಗೆ ಸಿಟ್ಟಿದೆ.

ಯುದ್ಧವನ್ನೂ ಬಿಟ್ಟೆವು. ಈಗ ಉಳಿದಿರುವುದು ಇಕ್ಕೇರಿಯ ಒಂದು ಕೋಣೆ, ಒಂದು ಸಂಜೆ. ಜೈನಳಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದ್ದಾಳೆ. ಹೊರಗೆ ಎತ್ತಿನ ಮೇಲೆ ಹೇರಿದ ಕಾಳುಮೆಣಸು ಘಟ್ಟ ಇಳಿಯಲು ಹೊರಟಿದೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದವಳಿಗೆ ಕಿಟಕಿಯಿಂದ ಅದರ ಘಾಟು ಬರುತ್ತದೆ. ಇದು ನಮ್ಮ ಕಲ್ಪನೆ, ಪರದೆ ಮೇಲೂ ಹಾಗೆಂದೇ ಹಾಕುತ್ತೇವೆ.

ರಾಣಿಯ ಪಾತ್ರಕ್ಕೆ ಅಜ್ಜಿಯನ್ನೇ ಕೇಳಿದ್ದೇವೆ. "ಮೀನು ತಿಂಬ ಬಾಯಿ ನಂದು, ಜೈನರ ರಾಣಿ ಹೆಂಗೆ ಆಗೂದು?" ಎಂದರು. ಶೂಟಿಂಗ್ ದಿನ ತಿನ್ನುವುದಿಲ್ಲವಂತೆ.