ಬಾಗಿಲೊಳಗಿನ ನೂರು ಚಿತ್ರಗಳು

ಹಾಂಗ್‌ಕಾಂಗ್ ನಗರದ ಕೌಲೂನ್ ಭಾಗದಲ್ಲಿ ಶೆಕ್ ಕಿಪ್ ಮೇ ಎಂಬ ಬಡಾವಣೆಯಿದೆ. ಪ್ರವಾಸಿಗರು ಸಾಮಾನ್ಯವಾಗಿ ಗಗನಚುಂಬಿ ಸೌಧಗಳನ್ನೂ ಕಡಲಂಚಿನ ದೀಪಮಾಲೆಯನ್ನೂ ಕಂಡು ತೃಪ್ತರಾಗಿ ಮರಳುತ್ತಾರೆ. ಇತ್ತ ಬರುವವರು ವಿರಳ. ಬಹುಮಹಡಿ ಕಟ್ಟಡಗಳಲ್ಲಿ ಬಾಳುವೆ ನಡೆಸುತ್ತಿರುವ ನಮ್ಮಂಥ ಕುಟುಂಬಗಳು ನೋಡಬೇಕಾದ ಸ್ಥಳವಿದು ಎಂಬ ಭಾವನೆಯಿಂದ ನಾವು ಶಾಮ್ ಶೂಯಿ ಪೋ ನಿಲ್ದಾಣದಲ್ಲಿ ರೈಲಿನಿಂದಿಳಿದು ಕಾಲ್ನಡಿಗೆಯಲ್ಲಿ ಅಲ್ಲಿಗೆ ಹೋದೆವು.

1953ರ ಡಿಸೆಂಬರ್ 25ರ ರಾತ್ರಿ ಇಲ್ಲಿನ ಗುಡಿಸಲುಗಳಿಗೆ ಬೆಂಕಿ ತಗುಲಿ 50,000ಕ್ಕೂ ಮಿಕ್ಕ ಜನರು ನಿರಾಶ್ರಿತರಾದರು. ಅವರಲ್ಲಿ ಬಹುಮಂದಿ ಚೀನಾದಿಂದ ವಲಸೆ ಬಂದವರು. ಸರ್ಕಾರವು ಅವರಿಗಾಗಿ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಬಹುಮಹಡಿ ವಸತಿಗಳನ್ನು ಕಟ್ಟಿಸಿತು. ಕೋಣೆಯ ಅಳತೆ ಸುಮಾರು 120 ಚದರ ಅಡಿ, ಅಂದರೆ ನಮ್ಮ ಫ್ಲ್ಯಾಟಿನ ಒಂದು ಮಲಗುವ ಕೋಣೆಯಷ್ಟು. ಅದರಲ್ಲಿ ಐವರು ವಯಸ್ಕರು. ನಲ್ಲಿ, ಶೌಚಾಲಯಗಳು ಎರಡು ಸಾಲುಗಳನ್ನು ಕೂಡಿಸುವ ನಡುಭಾಗದಲ್ಲಿ ಎಲ್ಲರಿಗೂ ಸೇರಿದ್ದವು. ಅಡಿಗೆ ಬಾಗಿಲ ಮುಂದಿನ ಮೊಗಸಾಲೆಯಲ್ಲಿ. ಬೆಂಗಳೂರು, ಮೈಸೂರುಗಳ ವಠಾರಗಳನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ವಠಾರದ ಮೇಲೆ ವಠಾರವನ್ನಿಟ್ಟು ಕಟ್ಟಿದಂತೆ ಅದು.

ಆ ಕಟ್ಟಡಗಳ ಪೈಕಿ ಈಗ ಉಳಿದಿರುವುದು ಮೇ ಹೋ ಹೌಸ್. 2013ರಿಂದ ಅದು ಯುವ ಪ್ರವಾಸಿಗರ ತಂಗುದಾಣವಾಗಿದೆ. ಅಲ್ಲಿಯ ಸಂಗ್ರಹಾಲಯದಲ್ಲಿ ಹಳೆಯ ಕೋಣೆಗಳನ್ನು ಯಥಾವತ್ತಾಗಿ ರಚಿಸಿಟ್ಟಿದ್ದಾರೆ. ಅವುಗಳ ಮುಂದೆ ನಿಂತಾಗ ಅಂಥ ಇಕ್ಕಟ್ಟನ್ನು ಕೊಂಡಾಡಲು ನಮಗೆ ಮನಸ್ಸಾಗಲಿಲ್ಲ. ಆದರೆ ಒಂದು ಮಾತು ಹೊಳೆಯಿತು. ನೀರಿಗೆಂದು ಹೊರಗೆ ಬಂದವರು ನೆರೆಯವರ ಮುಖ ನೋಡಲೇಬೇಕಿತ್ತು. ಒಲೆ ಹೊತ್ತದಿದ್ದರೆ ಪಕ್ಕದವರಿಗೆ ತಿಳಿಯುತ್ತಿತ್ತು. ನಮ್ಮ ಇಂದಿನ ಮನೆಗಳಲ್ಲಿ ಎಲ್ಲವೂ ಬಾಗಿಲೊಳಗೇ ದೊರೆಯುತ್ತದೆ. ಅದು ಸುಖವೇ ಸರಿ. ಆದರೆ ಪರಿಚಯವು ತಾನಾಗಿ ಬೆಳೆಯುವ ದಾರಿ ಅದರೊಡನೆ ಮುಚ್ಚಿಹೋಯಿತು.

ಜರ್ಮನಿಯಲ್ಲಿ ಹುಟ್ಟಿ, 1994ರಲ್ಲಿ ಹಾಂಗ್‌ಕಾಂಗಿಗೆ ಬಂದು ನೆಲೆಸಿದ ಛಾಯಾಗ್ರಾಹಕ ಮೈಕೆಲ್ ವುಲ್ಫ್ ಈ ನಗರದ ಬಹುಮಹಡಿ ಕಟ್ಟಡಗಳನ್ನು ಹೊರಗಿನಿಂದ ಚಿತ್ರಿಸಿ ಹೆಸರಾದವರು. ಆ ಚಿತ್ರಗಳಲ್ಲಿ ಆಕಾಶವೂ ಇಲ್ಲ, ನೆಲವೂ ಇಲ್ಲ. ಜೇನುಗೂಡಿನಂತೆ ಕಿಟಕಿಗಳು ಮಾತ್ರ. 2006ರಲ್ಲಿ ಶೆಕ್ ಕಿಪ್ ಮೇಯ ಹಳೆಯ ವಸತಿಗಳು ನೆಲಸಮವಾಗುವ ಮುನ್ನ ಅವರು ಒಳಹೊಕ್ಕು, ಸುಮಾರು 100 ಚದರ ಅಡಿಯ 100 ಕೋಣೆಗಳಲ್ಲಿ ಅಲ್ಲಿಯ ನಿವಾಸಿಗಳ ಚಿತ್ರ ತೆಗೆದರು. ಕೋಣೆಗಳ ಅಳತೆ ಒಂದೇ, ಬಾಳು ಮಾತ್ರ ಬೇರೆ ಬೇರೆ. ಹೊರಗಿನಿಂದ ಕಿಟಕಿಯಾಗಿ ಕಂಡದ್ದು ಒಳಗೆ ಮನುಷ್ಯರಾಗಿ ಕಾಣುತ್ತದೆ. 2019ರಲ್ಲಿ ವುಲ್ಫ್ ತೀರಿಕೊಂಡರು. ಆ ಚಿತ್ರಗಳು ಉಳಿದಿವೆ.

ನೆರೆಯವರ ಚಿತ್ರಗಳೆಲ್ಲ ಬಾಂಧವ್ಯವನ್ನು ಬೆಳೆಸುವುದಿಲ್ಲ. ನ್ಯೂಯಾರ್ಕಿನ ಆರ್ನೆ ಸ್ವೆನ್ಸನ್ ಎಂಬ ಛಾಯಾಗ್ರಾಹಕರು ಎದುರು ಕಟ್ಟಡದವರಿಗೆ ತಿಳಿಯದಂತೆ, ದೂರದರ್ಶಕ ಮಸೂರದಿಂದ ಅವರ ಕಿಟಕಿಗಳೊಳಗಿನ ಚಿತ್ರ ತೆಗೆದು 2013ರಲ್ಲಿ ಪ್ರದರ್ಶಿಸಿದರು. ಮಕ್ಕಳ ಚಿತ್ರವೂ ಅಲ್ಲಿದ್ದುದನ್ನು ಕಂಡು ಒಂದು ಕುಟುಂಬವು ನ್ಯಾಯಾಲಯದ ಮೊರೆಹೊಕ್ಕಿತು. ಕಲೆಗೆ ಕಾನೂನಿನ ರಕ್ಷಣೆಯಿದೆಯೆಂದು ಅದರ ದಾವೆ ವಜಾ ಆಯಿತು. 2015ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ಬಂದಿತು. ಕಾನೂನು ಬಿಟ್ಟುಕೊಟ್ಟರೂ ನೆರೆಯವರ ವಿಶ್ವಾಸ ಮರಳಲಾರದು. ಕದ್ದು ನೋಡುವ ಕಣ್ಣು ಎಷ್ಟು ಹತ್ತಿರವಿದ್ದರೂ ಪರಕೀಯವೇ.

ನಮ್ಮ ನಾಡಿನಲ್ಲಿ ಮಕ್ಕಳು ಪರದೇಶದಲ್ಲಿದ್ದು, ವೃದ್ಧ ತಂದೆತಾಯಿಗಳು ಐದನೆಯ ಅಂತಸ್ತಿನಲ್ಲಿ ಇಬ್ಬರೇ ಉಳಿದ ಮನೆಗಳು ಹೆಚ್ಚುತ್ತಿವೆ. ರಾತ್ರಿ ಎದೆನೋವು ಬಂದರೆ ಮೊದಲು ಬರಬೇಕಾದವರು ಎದುರುಮನೆಯವರು. ಅವರ ಹೆಸರೇ ತಿಳಿಯದಿದ್ದರೆ ಕೂಗುವುದಾದರೂ ಯಾರನ್ನು? 1972ನೆಯ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವು ಮೆಟ್ಟಿಲು, ಮೊಗಸಾಲೆ, ಮಾಳಿಗೆಗಳಲ್ಲಿ ಪ್ರತಿ ಮನೆಯವರಿಗೂ ಅವಿಭಜಿತ ಪಾಲನ್ನು ಕೊಟ್ಟಿತು. ಕಾಗದದ ಮೇಲೆ ನಾವು ಎಂದೋ ಪಾಲುದಾರರಾಗಿದ್ದೇವೆ. ಆ ಮೆಟ್ಟಿಲಲ್ಲಿ ಎದುರಾದಾಗ ಮಾತ್ರ ತಲೆ ತಗ್ಗಿಸಿ ಸಾಗುತ್ತೇವೆ.

ಆದ್ದರಿಂದ ಸಹೃದಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಕ್ಯಾಮೆರಾ ಇಂದು ಪ್ರತಿಯೊಬ್ಬರ ಕೈಯಲ್ಲಿದೆ. ಮುಂದಿನ ಹಬ್ಬದ ದಿನ ನಿಮ್ಮ ಅಂತಸ್ತಿನ ಬಾಗಿಲುಗಳನ್ನು ತಟ್ಟಿ, ಹಿರಿಯರಿಗೆ ವಂದಿಸಿ, ಒಪ್ಪಿಗೆ ಪಡೆದು, ಹೊಸ್ತಿಲಲ್ಲಿ ನಿಲ್ಲಿಸಿ ಒಂದೊಂದು ಕುಟುಂಬದ ಚಿತ್ರ ತೆಗೆಯಿರಿ. ಒಲ್ಲೆನೆಂದವರನ್ನು ಒತ್ತಾಯಿಸಬೇಡಿ, ಅವರ ಬಾಗಿಲೂ ತೆರೆದಿತೆಂಬುದೇ ಲಾಭ. ಒಂದು ಪ್ರತಿಯನ್ನು ಆ ಮನೆಯವರಿಗೆ ಕೈಯಾರೆ ಕೊಡಿ. ಚಿತ್ರ ಕೊಡಲು ಹೋದವರನ್ನು ಯಾವ ಮನೆಯೂ ಹೊರಗೇ ನಿಲ್ಲಿಸಿ ಕಳುಹಿಸಲಾರದು.