ಕೊಟ್ಟ ಹಣದ ದಾರಿ

ಫಿಲಿಪ್ಪೀನ್ಸ್ ದೇಶದಲ್ಲಿ ಭಾರತೀಯನನ್ನು ‘ಬುಂಬೈ’ ಎಂದು ಕರೆಯುವ ರೂಢಿ ಬಹುಕಾಲದಿಂದ ಇದೆ. ಮುಂಬಯಿಯ ಹಳೆಯ ಹೆಸರೇ ಈ ಮಾತಿಗೆ ಮೂಲ. ಹಟಮಾಡುವ ಮಕ್ಕಳನ್ನು ಅಲ್ಲಿನ ತಾಯಂದಿರು ‘ಬುಂಬೈ ಬಂದು ಹೊತ್ತುಕೊಂಡು ಹೋಗುತ್ತಾನೆ’ ಎಂದು ಹೆದರಿಸುವುದುಂಟು. ನಮ್ಮಲ್ಲಿ ಗುಮ್ಮನ ಹೆಸರು ಹೇಳುವ ಹಾಗೆ. ಈರುಳ್ಳಿಗೂ ಅಲ್ಲಿ ಇದೇ ಹೆಸರು ಅಂಟಿಕೊಂಡಿದೆ. ಕಂದಮೂಲಗಳನ್ನು ವರ್ಜಿಸಿದ ಶ್ರಾವಕನೊಬ್ಬನನ್ನು ಬೀದಿಯ ಮಕ್ಕಳು ಈರುಳ್ಳಿಯ ಹೆಸರಿನಿಂದ ಕೂಗಿದರೆ ಅದನ್ನು ಯಾವ ಕರ್ಮದ ಉದಯವೆಂದು ಹೇಳಬೇಕೋ ತಿಳಿಯದು.

2023ರ ಜೂನ್ ತಿಂಗಳಿನಿಂದ ಐದು ತಿಂಗಳ ಕಾಲ ನಾನು ಆ ದೇಶದ ನೀಗ್ರೋಸ್ ದ್ವೀಪದ ಬಕೋಲೋಡ್ ನಗರದಲ್ಲಿ, ಉದ್ಯೋಗ ನಿಮಿತ್ತ ಅಲ್ಲಿದ್ದ ನನ್ನ ಮಗನ ಮನೆಯಲ್ಲಿ ಇದ್ದೆ. ಅದು ಕಬ್ಬಿನ ನಾಡು. ದೇಶದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ದ್ವೀಪದಲ್ಲಿಯೇ ಉತ್ಪನ್ನವಾಗುತ್ತದೆ. 1980ರ ದಶಕದ ನಡುವಿನಲ್ಲಿ ಸಕ್ಕರೆಯ ಬೆಲೆ ಕುಸಿದಾಗ ಅಲ್ಲಿ ಕ್ಷಾಮವೇ ಆಯಿತೆಂದು ಹಿರಿಯರು ಈಗಲೂ ಹೇಳುತ್ತಾರೆ. ತೆಂಗು, ಬಾಳೆ, ಹಲಸು, ನುಗ್ಗೆಸೊಪ್ಪು, ಬಿಡದೆ ಸುರಿಯುವ ಮಳೆ, ಬೀದಿಯಲ್ಲಿ ಒಣಮೀನಿನ ವಾಸನೆ - ಇವನ್ನೆಲ್ಲ ನೋಡಿದಾಗ ಮೂಡುಬಿದಿರೆಯಿಂದ ಬಂದ ನನಗೆ ಪರದೇಶವೆಂಬ ಭಾವನೆ ಬಹಳ ದಿನ ಉಳಿಯಲಿಲ್ಲ. ಸಮಭಾಜಕ ವೃತ್ತಕ್ಕೆ ಸಮೀಪವಾದುದರಿಂದ ಸೂರ್ಯಾಸ್ತವು ವರ್ಷವಿಡೀ ಸಂಜೆ ಆರರ ಆಸುಪಾಸಿನಲ್ಲೇ ಆಗುತ್ತದೆ. ರಾತ್ರಿಭೋಜನ ತ್ಯಾಗದ ವ್ರತವುಳ್ಳವರಿಗೆ ಇದೊಂದು ಅನುಕೂಲ. ಊಟದ ವಿಷಯದಲ್ಲಿ ಅನುಕೂಲವೆನ್ನಬಹುದಾದದ್ದು ಇದೊಂದೇ. ಅಲ್ಲಿ ಕೇವಲ ತರಕಾರಿಯ ಪಲ್ಯವೆಂದು ಬಡಿಸುವುದರಲ್ಲಿಯೂ ಸಿಗಡಿಯ ಅಥವಾ ಮೀನಿನ ಹುಳಿಹಿಂಡಿದ ರಸ ಸೇರಿರುತ್ತದೆ. ಆದುದರಿಂದ ಸೊಸೆ ಕೊಟ್ಟಿದ್ದನ್ನು ಬಿಟ್ಟು ಹೊರಗೆ ನಾನು ಬಾಳೆಹಣ್ಣು ಮತ್ತು ಎಳನೀರನ್ನಲ್ಲದೆ ಬೇರೇನನ್ನೂ ಮುಟ್ಟಲಿಲ್ಲ.

ನಮ್ಮ ಎದುರು ಮನೆಯಲ್ಲಿ ಒಂದು ಕುಟುಂಬವಿತ್ತು. ಗಂಡ ಮೂರು ಚಕ್ರದ ಬಾಡಿಗೆ ಬಂಡಿ ಓಡಿಸುತ್ತಿದ್ದ. ಹೆಂಡತಿ ಮನೆಯ ಮುಂಭಾಗದ ಕಿಟಕಿಗೆ ಕಬ್ಬಿಣದ ಜಾಲರಿ ಹಾಕಿ ಸಣ್ಣ ದಿನಸಿ ಅಂಗಡಿ ಇಟ್ಟಿದ್ದಳು. ಹಿರಿಯ ಮಗಳು ಕೊಲ್ಲಿ ರಾಷ್ಟ್ರವೊಂದರಲ್ಲಿ ದಾದಿ. ಆಕೆಯ ಎರಡು ಚಿಕ್ಕ ಮಕ್ಕಳು ಅಜ್ಜಿಯ ಬಳಿಯಲ್ಲಿ ಬೆಳೆಯುತ್ತಿದ್ದವು. ತಾಯಿಯ ಮುಖವನ್ನು ಆ ಮಕ್ಕಳು ಮೊಬೈಲಿನ ಪರದೆಯ ಮೇಲೆಯೇ ಹೆಚ್ಚು ಕಂಡಿರಬೇಕು. ನನ್ನನ್ನು ಮೊದಲ ವಾರ ‘ಬುಂಬೈ’ ಎಂದು ಕರೆದು ಓಡಿಹೋಗುತ್ತಿದ್ದ ಅವೇ ಮಕ್ಕಳು ಎರಡನೆಯ ತಿಂಗಳಿನಲ್ಲಿ ‘ಲೋಲೋ’ ಎನ್ನತೊಡಗಿದವು. ಹಾಗೆಂದರೆ ಅಜ್ಜ. ಹಿರಿಯರ ಕೈಯನ್ನು ಹಿಡಿದು ತಮ್ಮ ಹಣೆಗೆ ಒತ್ತಿಕೊಳ್ಳುವುದು ಅವರ ನಮಸ್ಕಾರ. ಆ ಗೃಹಿಣಿಯನ್ನು ನಾನು ‘ಇಂದಾಯ್’ ಎಂದು ಕರೆಯುತ್ತಿದ್ದೆ. ಹೆಣ್ಣುಮಕ್ಕಳನ್ನು ಪ್ರೀತಿಯಿಂದ, ಮರ್ಯಾದೆಯಿಂದ ಕರೆಯಲು ಆ ಕಡೆಯಲ್ಲಿ ಬಳಸುವ ಮಾತದು.

ನಲವತ್ತು ವರ್ಷ ದಿನಸಿ ವ್ಯಾಪಾರ ಮಾಡಿದವನ ಕಣ್ಣು ಅಂಗಡಿಯ ಕಡೆಗೇ ಹೋಗುವುದು ಸಹಜ. ಅಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಮಾರಾಟವಾಗುತ್ತದೆ. ಒಂದು ಎಸಳು ಬೆಳ್ಳುಳ್ಳಿ, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಅಡುಗೆ ಎಣ್ಣೆ, ಒಂದು ತಲೆಸ್ನಾನಕ್ಕೆ ಆಗುವಷ್ಟು ಶಾಂಪೂ, ಅರ್ಧ ಕಿಲೋ ಅಕ್ಕಿ. ಈ ಪದ್ಧತಿಗೆ ‘ತಿಂಗಿ’ ಎಂದು ಹೆಸರು. ದಿನಗೂಲಿಯ ಮನೆಗೆ ಅಂದಿನದು ಅಂದಿಗೆ. ಇದನ್ನು ಅಪರಿಗ್ರಹವೆಂದು ಹೊಗಳಲು ನನಗೆ ಮನಸ್ಸಾಗಲಿಲ್ಲ. ಪರಿಗ್ರಹ ಪರಿಮಾಣವೆಂಬುದು ಇದ್ದವನು ತಾನಾಗಿ ಹಾಕಿಕೊಳ್ಳುವ ಮಿತಿ; ಇಲ್ಲದವನು ಬಿಡಿಯಾಗಿ ಕೊಳ್ಳುವಾಗ ಪ್ರತಿ ತೊಲಕ್ಕೂ ಇದ್ದವನಿಗಿಂತ ಹೆಚ್ಚು ಬೆಲೆ ತೆರುತ್ತಾನೆ. ಸಾಲಕ್ಕಾಗಿ ಆಕೆಯ ಬಳಿ ಒಂದು ನೋಟುಪುಸ್ತಕವಿತ್ತು. ನೆರೆಹೊರೆಯವರ ಹೆಸರು, ಅದರ ಮುಂದೆ ಬಾಕಿ. ಬಡ್ಡಿಯ ಕಾಲಂ ಅದರಲ್ಲಿ ಇರಲಿಲ್ಲ. ಕಬ್ಬಿನ ಕಟಾವು ಮುಗಿದು ಮುಂದಿನ ಕಟಾವು ಆರಂಭವಾಗುವವರೆಗಿನ ತಿಂಗಳುಗಳಿಗೆ ಸ್ಪ್ಯಾನಿಷರು ಇಟ್ಟ ಹೆಸರಿನಲ್ಲಿ ಅಲ್ಲಿನವರು ಇಂದಿಗೂ ‘ಸತ್ತ ಕಾಲ’ ಎನ್ನುತ್ತಾರೆ. ಕೂಲಿಯಿಲ್ಲದ ಆ ಕಾಲದಲ್ಲಿ ಪುಸ್ತಕ ತುಂಬುತ್ತದೆ, ಅಂಗಡಿ ಬರಿದಾಗುತ್ತದೆ.

ಅಂಗಡಿ ಬರಿದಾದಾಗ ಬರುವವನೇ ನಿಜವಾದ ಬುಂಬೈ. ಮೋಟಾರ್ ಸೈಕಲಿನಲ್ಲಿ ದಿನವೂ ಮಧ್ಯಾಹ್ನ ಬರುವ ಪಂಜಾಬಿನ ಲೇವಾದೇವಿಗಾರ. ಐದು ಕೊಟ್ಟು ಆರು ಪಡೆಯುವುದು ಅವನ ಕ್ರಮ. ಆದುದರಿಂದ ಆ ಸಾಲಕ್ಕೆ ‘ಫೈವ್-ಸಿಕ್ಸ್’ ಎಂದೇ ಹೆಸರು. ಕೇಳಲು ನೂರಕ್ಕೆ ಇಪ್ಪತ್ತು. ಆದರೆ ಸಾವಿರ ಪೇಸೋ ಕೊಟ್ಟು, ದಿನಕ್ಕೆ ಇಪ್ಪತ್ತರಂತೆ ಅರವತ್ತು ದಿನ ವಸೂಲು ಮಾಡಿದರೆ, ಅಸಲು ದಿನದಿನವೂ ಕರಗುತ್ತ ಸರಾಸರಿ ಐನೂರರಷ್ಟು ಮಾತ್ರ ಸಾಲಗಾರನ ಕೈಯಲ್ಲಿರುತ್ತದೆ. ಐನೂರಕ್ಕೆ ಎರಡು ತಿಂಗಳಿಗೆ ಇನ್ನೂರು ಬಡ್ಡಿ. ವರ್ಷಕ್ಕೆ ನೂರಕ್ಕೆ ಇನ್ನೂರ ನಲವತ್ತು! ಕಾಲೇಜಿನಲ್ಲಿ ಕಲಿತ ಬಡ್ಡಿಯ ಲೆಕ್ಕ ಇಷ್ಟು ಕಹಿಯಾಗಿ ಎಂದೂ ಉತ್ತರ ಕೊಟ್ಟಿರಲಿಲ್ಲ. 2017ರಲ್ಲಿ ಅಲ್ಲಿನ ಸರಕಾರ ಈ ಸಾಲವನ್ನು ಎದುರಿಸಲೆಂದೇ ತಿಂಗಳಿಗೆ ಶೇಕಡಾ ಎರಡೂವರೆಯನ್ನು ಮೀರದ ಬಡ್ಡಿಯ ಸಾಲ ಯೋಜನೆಯೊಂದನ್ನು ಆರಂಭಿಸಿತು. ಆದರೂ ಮೋಟಾರ್ ಸೈಕಲ್ ನಿಂತಿಲ್ಲ. ನಾನು ಅವನೊಡನೆ ಹಿಂದಿಯಲ್ಲಿ ಮಾತನಾಡಿದೆ. ‘ಲಾಲಾಜಿ, ಇವರಿಗೆ ಯಾವ ಬ್ಯಾಂಕು ಕಾಗದವಿಲ್ಲದೆ ಸಾಲ ಕೊಡುತ್ತದೆ? ನಾನು ಕೊಡುತ್ತೇನೆ. ಹತ್ತರಲ್ಲಿ ಇಬ್ಬರು ಮುಳುಗಿಸುತ್ತಾರೆ’ ಎಂದ. ಸುಳ್ಳು ಹೇಳಿದನೆಂದು ನನಗೆ ಅನ್ನಿಸಲಿಲ್ಲ. ಆದರೆ ನಮ್ಮ ದೇಶದ ವ್ಯಾಪಾರಿಯ ಹೆಸರು ಮಕ್ಕಳನ್ನು ಹೆದರಿಸುವ ಹೆಸರಾದದ್ದು ಹೇಗೆಂಬುದೂ ಅಂದು ತಿಳಿಯಿತು.

ಇನ್ನು ಗಂಡನ ವಿಷಯ. ಬಂಡಿಯನ್ನು ನಿಲ್ಲಿಸಿದ ಮೇಲೆ ಆತನ ಲೋಕವೆಲ್ಲ ಒಂದು ಹುಂಜ. ಅಂಗಳದಲ್ಲಿ ತಗಡಿನ ಗೂಡು, ಗೂಟಕ್ಕೆ ಕಟ್ಟಿದ ಉದ್ದನೆಯ ದಾರ. ಕರೆಂಟು ಹೋದ ರಾತ್ರಿಗಳಲ್ಲಿ - ಅವು ಆ ನಗರದಲ್ಲಿ ಕಡಿಮೆಯೇನಲ್ಲ - ಮನೆಯವರೆಲ್ಲ ಬೀಸಣಿಗೆ ಹಿಡಿದು ಗೊಣಗುತ್ತ ಕುಳಿತಿದ್ದರೆ, ಆತ ಹುಂಜದ ಗೂಡಿನ ಬಳಿ ಸೊಳ್ಳೆಗಳಿಗೆ ಹೊಗೆ ಹಾಕುತ್ತಿದ್ದ. ಬೆಳಿಗ್ಗೆ ಅದರ ಕಾಲು ತಿಕ್ಕುವುದು, ಕಾಳು ಆರಿಸಿ ಕೊಡುವುದು, ಗರಿಗಳ ಮೇಲೆ ಬಾಯಿಂದ ಉಸಿರು ಊದುವುದು. ಮೊಮ್ಮಕ್ಕಳಿಗೆ ಅಷ್ಟು ಉಪಚಾರ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಇಷ್ಟೆಲ್ಲ ಮಾಡುವುದು ಒಂದು ಭಾನುವಾರ ಅದರ ಎಡಗಾಲಿಗೆ ಉದ್ದನೆಯ ಬಾಗಿದ ಕತ್ತಿ ಕಟ್ಟಿ ಕಣಕ್ಕೆ ಬಿಡುವುದಕ್ಕಾಗಿ.

ತುಳುನಾಡಿನವನಾದ ನನಗೆ ಕೋಳಿ ಅಂಕ ಹೊಸದಲ್ಲ. ಹುಂಜದ ಬಣ್ಣ ನೋಡಿ ಗೆಲುವಿನ ದಿನ ಹೇಳುವ ಕುಕ್ಕುಟ ಪಂಚಾಂಗವೂ ನಮ್ಮಲ್ಲಿದೆ. ಆದರೆ ಅಲ್ಲಿ ಅದು ಕಾನೂನಿನ ಒಪ್ಪಿಗೆ ಪಡೆದ ಉದ್ಯಮ. ನೀಗ್ರೋಸ್ ದ್ವೀಪವಂತೂ ಕಾಳಗದ ಹುಂಜಗಳ ತಳಿ ಬೆಳೆಸುವುದಕ್ಕೆ ದೇಶದಲ್ಲೇ ಪ್ರಸಿದ್ಧ. 1974ರ ಶಾಸನವು ಭಾನುವಾರ, ರಜಾದಿನ ಹಾಗೂ ಊರ ಹಬ್ಬಗಳಂದು ಕಾಳಗಕ್ಕೆ ಅವಕಾಶ ಕೊಟ್ಟು, ಗುಡ್ ಫ್ರೈಡೆಯಂದು, ರಿಜಾಲ್ ಎಂಬ ದೇಶಭಕ್ತನ ಸ್ಮರಣೆಯ ದಿನದಂದು, ಚುನಾವಣೆಯ ದಿನದಂದು ನಿಷೇಧಿಸಿದೆ. ಹಾಗಾದರೆ ಪವಿತ್ರ ದಿನದಲ್ಲಿ ರಕ್ತ ಸಲ್ಲದೆಂಬ ಅರಿವು ಅಲ್ಲಿಯೂ ಇದೆ! ಮೊಬೈಲಿನಲ್ಲಿ ನೋಡಿ ಪಣ ಕಟ್ಟುವ ಕಾಳಗವೂ ಕೆಲವು ಕಾಲ ನಡೆದು, ಅದರೊಡನೆ ಸಂಬಂಧವಿದ್ದ ಮೂವತ್ತಕ್ಕೂ ಹೆಚ್ಚು ಜನ ಕಾಣೆಯಾದ ಮೇಲೆ, 2022ರ ಮೇ ತಿಂಗಳಲ್ಲಿ ನಿಂತಿತು.

ನಾನು ಆ ಕಣದ ಒಳಹೊಕ್ಕವನಲ್ಲ. ಆತ ಹೇಳಿದ್ದನ್ನು ಹೇಳುತ್ತೇನೆ. ಕಣದ ಎರಡು ಪಕ್ಷಗಳಿಗೆ ‘ಮೆರೊನ್’, ‘ವಾಲಾ’ ಎಂದು ಹೆಸರು. ಅರ್ಥ ‘ಇದೆ’, ‘ಇಲ್ಲ’. ಅಸ್ತಿ-ನಾಸ್ತಿಗಳು ಇಂಥ ಸ್ಥಳದಲ್ಲಿ ಎದುರಾಗುತ್ತವೆಂದು ನಮ್ಮ ನ್ಯಾಯಶಾಸ್ತ್ರದ ಆಚಾರ್ಯರು ಊಹಿಸಿರಲಾರರು. ಪಣ ಸ್ವೀಕರಿಸುವವರು ಎರಡೂ ತೋಳುಗಳನ್ನು ಚಾಚಿ ನಿಲ್ಲುವುದರಿಂದ ಅವರನ್ನು ‘ಕ್ರಿಸ್ತೋ’ ಎನ್ನುತ್ತಾರೆ. ನೂರಾರು ಜನ ಬೆರಳ ಸನ್ನೆಯಿಂದ ಹೇಳಿದ ಪಣವನ್ನು ಒಂದಕ್ಷರ ಬರೆದುಕೊಳ್ಳದೆ ನೆನಪಿನಲ್ಲಿಟ್ಟು, ಕಾಳಗ ಮುಗಿದೊಡನೆ ಪೈಸೆ ತಪ್ಪದೆ ಲೆಕ್ಕ ಚುಕ್ತಾ ಮಾಡುತ್ತಾರೆ. ಸೋತವನು ನೋಟು ಮುದುಡಿ ಎಸೆಯುತ್ತಾನೆ, ತಪ್ಪಿಸಿಕೊಳ್ಳುವುದಿಲ್ಲ. ಆತ ಇದನ್ನು ಬಹಳ ಅಭಿಮಾನದಿಂದ ಹೇಳಿದ. ಸತ್ಯವೂ ಇದೆ, ಅಚೌರ್ಯವೂ ಇದೆ. ಆದರೆ ಉಳಿದ ವ್ರತಗಳೆಲ್ಲ ಅಹಿಂಸೆಯ ರಕ್ಷಣೆಗೆ ಹಾಕಿದ ಬೇಲಿಯೆಂದು ಪೂಜ್ಯಪಾದರಂಥವರು ಏಕೆ ತಿಳಿದರೆಂಬುದು ನನಗೆ ಗ್ರಂಥಕ್ಕಿಂತ ಆ ಅಂಗಳದಲ್ಲಿ ಹೆಚ್ಚು ಸ್ಪಷ್ಟವಾಯಿತು. ಬೇಲಿ ಗಟ್ಟಿಯಾಗಿದೆ, ಒಳಗೆ ಬೆಳೆಯಿಲ್ಲ.

ನಾನು ಆತನಿಗೆ ಯಶೋಧರನ ಕಥೆಯನ್ನು ಹೇಳಿದೆ. ಜನ್ನನು 1209ರಲ್ಲಿ ಕನ್ನಡಕ್ಕೆ ತಂದ ಆ ಕಥೆ ನಮ್ಮ ಓದುಗರಿಗೆಲ್ಲ ತಿಳಿದಿರುವುದೇ. ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ತಾಯಿ-ಮಗ ಇಬ್ಬರೂ ಜನ್ಮಜನ್ಮಾಂತರ ಅಲೆದು, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ಬಿದ್ದರಷ್ಟೆ. ಆತ ಹುಂಜವನ್ನು ಮಡಿಲಲ್ಲಿಟ್ಟುಕೊಂಡೇ ಪೂರ್ತಿ ಕೇಳಿದ. ‘ಹಾಗಾದರೆ ಲೋಲೋ, ಇದು ಹಿಂದೆ ಯಾರೋ ರಾಜನಾಗಿದ್ದಿರಬಹುದು’ ಎಂದು ಅದರ ತಲೆ ಸವರಿದ. ಅದಕ್ಕಿಂತ ಮುಂದೆ ಕಥೆ ಅವನೊಳಗೆ ಇಳಿಯಲಿಲ್ಲ. ಕೆಲವು ದಿನಗಳ ಮೇಲೆ, ಸಪ್ಟೆಂಬರಿನ ಆರಂಭದಲ್ಲಿ, ಕಾಳಗದ ಪ್ರವೇಶಕ್ಕೆ ಮೂರು ಸಾವಿರ ಪೇಸೋ ಸಾಲ ಕೇಳಿದ. ಕೊಡಲಾಗದೆಂದು ಹೇಳಿದೆ, ಕಾರಣವನ್ನೂ ಹೇಳಿದೆ. ಆತ ಬೇಸರಪಟ್ಟುಕೊಳ್ಳಲಿಲ್ಲ. ಇದರಲ್ಲಿ ನನಗೆ ಯಾವ ಸಂದೇಹವೂ ಇರಲಿಲ್ಲ. ಪರರ ಜಯ-ಪರಾಜಯ, ವಧೆಗಳನ್ನು ಮನಸ್ಸಿನಲ್ಲಿ ನೆನೆಯುವುದನ್ನೂ ಅಪಧ್ಯಾನವೆಂದು ಪೂಜ್ಯಪಾದರು ಅನರ್ಥದಂಡದಲ್ಲಿ ಸೇರಿಸಿರುವಾಗ, ಅದಕ್ಕೆ ಬಂಡವಾಳ ಹೂಡುವ ಮಾತೆಲ್ಲಿಯದು?

ಸಂದೇಹ ಬಂದದ್ದು ಆತನ ಹೆಂಡತಿ ಬಂದಾಗ. ಅಕ್ಕಿಯ ಬೆಲೆ ಏರಿತೆಂದು ಸರಕಾರ 2023ರ ಸಪ್ಟೆಂಬರ್ 5ರಿಂದ ಸಾಮಾನ್ಯ ಅಕ್ಕಿಗೆ ಕಿಲೋಗೆ 41, ಉತ್ತಮ ಅಕ್ಕಿಗೆ 45 ಪೇಸೋ ಮೀರಬಾರದೆಂದು ಕಟ್ಟುಮಾಡಿತು. ಹೆಚ್ಚಿನ ಬೆಲೆ ತೆತ್ತು ಮೂಟೆ ತಂದಿಟ್ಟಿದ್ದ ಚಿಲ್ಲರೆ ಅಂಗಡಿಯವರು ನಷ್ಟದಲ್ಲಿ ಮಾರಬೇಕಾಯಿತು. ಅಕ್ಟೋಬರ್ 4ರಂದು ಆ ಆಜ್ಞೆ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಈಕೆಯ ಕೈ ಬರಿದಾಗಿತ್ತು. ‘ಲೋಲೋ, ಐದು ಸಾವಿರ ಬೇಕು. ಕೊಡದಿದ್ದರೆ ನಿಮ್ಮ ದೇಶದವನ ಹತ್ತಿರವೇ ಹೋಗಬೇಕು’ ಎಂದು ನಕ್ಕಳು. ನಗುವಿನ ಹಿಂದೆ ಅಳುವಿತ್ತು.

ವ್ಯಾಪಾರಿಗೆ ತಿಳಿದ ಒಂದು ಸಂಗತಿಯಿದೆ: ಹಣಕ್ಕೆ ಹಣೆಪಟ್ಟಿಯಿಲ್ಲ. ಅಂಗಡಿಗೆಂದು ಕೊಟ್ಟ ಐದು ಸಾವಿರ ಅಂಗಡಿಯಲ್ಲಿದ್ದ ಬೇರೆ ಐದು ಸಾವಿರವನ್ನು ಬಿಡುಗಡೆ ಮಾಡುತ್ತದೆ. ನಗದಿನ ಬದಲು ಸಗಟು ಅಂಗಡಿಯಿಂದ ಅಕ್ಕಿಯ ಮೂಟೆಗಳನ್ನೇ ತರಿಸಿಕೊಟ್ಟರೂ ಲೆಕ್ಕ ಅದೇ. ಗಂಡನಿಗೆ ಬಾಗಿಲಲ್ಲಿ ‘ಇಲ್ಲ’ ಎಂದ ಹಣ ಹೆಂಡತಿಯ ಕಿಟಕಿಯ ಮೂಲಕ ಹುಂಜದ ಕಾಲಿನ ಕತ್ತಿಯನ್ನು ಮುಟ್ಟಬಹುದು. ಕೃತ, ಕಾರಿತ, ಅನುಮತ ಎಂದು ನಮ್ಮ ಶಾಸ್ತ್ರ ಮೂರು ಬಾಗಿಲುಗಳನ್ನು ಹೇಳಿದೆ. ಮೂರಕ್ಕೂ ಅಗುಳಿ ಹಾಕಿದವನ ಹಣ ನಾಲ್ಕನೆಯ ಯಾವ ಬಿರುಕಿನಿಂದ ಹೊರಬೀಳುತ್ತದೆ? ಹಿಂಸೆಯ ಮೂಲ ಪ್ರಮತ್ತಯೋಗದಲ್ಲಿದೆ, ನನ್ನ ಭಾವದಲ್ಲಿ ಅದಿಲ್ಲ ಎಂದು ಸಮಾಧಾನ ತಂದುಕೊಳ್ಳಬಹುದು. ಆ ಸಮಾಧಾನ ನನಗೆ ಪೂರ್ತಿ ರುಚಿಸಲಿಲ್ಲ. ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಮದ್ಯದ ವ್ಯಾಪಾರಿಯ ಕಾಣಿಕೆಯನ್ನು ಮರಳಿಸುತ್ತವೆ, ಅದು ಯೋಗ್ಯವೇ. ಅದೇ ಮಂಡಳಿಯ ಠೇವಣಿಯನ್ನು ಬ್ಯಾಂಕು ಯಾವ ಉದ್ಯಮಕ್ಕೆ ಸಾಲಕೊಟ್ಟು ನಮಗೆ ಬಡ್ಡಿ ತಂದುಕೊಡುತ್ತದೆಂದು ಸಭೆಯಲ್ಲಿ ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಷರತ್ತು ಹಾಕಬಹುದಿತ್ತು. ‘ಗಂಡ ಹುಂಜವನ್ನು ಮಾರಿದರೆ ಮಾತ್ರ’ ಎನ್ನಬಹುದಿತ್ತು. ಅಲ್ಲಿ ಉಪಕಾರದ ಋಣಕ್ಕೆ ‘ಒಳಗಿನ ಸಾಲ’ ಎಂಬ ಅರ್ಥದ ಹೆಸರಿದೆ, ಅದು ತೀರುವುದೇ ಇಲ್ಲವೆಂದು ಅವರ ಭಾವನೆ. ಅಂಥ ಜನರಿಗೆ ಐದು ಸಾವಿರ ಕೊಟ್ಟು ಮನೆಯ ಯಜಮಾನಿಕೆ ಕೊಂಡುಕೊಳ್ಳುವುದು ಫೈವ್-ಸಿಕ್ಸ್‌ಗಿಂತ ದೊಡ್ಡ ಬಡ್ಡಿಯೆಂದು ನನಗೆ ತೋರಿತು. ಆಕೆಯ ಮುಂದೆ ನನ್ನ ಸಂಕಟವನ್ನಷ್ಟೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹುಂಜದ ಖರ್ಚು ನನ್ನ ಪುಸ್ತಕದಲ್ಲಿ ಬರುವುದಿಲ್ಲ’ ಎಂದಳು. ಐದು ಸಾವಿರ ಕೊಟ್ಟೆ, ಐದು ಸಾವಿರವೇ ಮರಳಬೇಕೆಂದೆ. ಬೀದಿಯಲ್ಲಿ ನನಗೆ ‘ಫೈವ್-ಫೈವ್’ ಎಂಬ ಅಡ್ಡಹೆಸರು ಬಿತ್ತು.

ಅಕ್ಟೋಬರ್ ಬಂತು. 1980ರಲ್ಲಿ, ಸಕ್ಕರೆಯ ಸಂಕಟದ ಜೊತೆಗೆ ಹಡಗು ಮುಳುಗಿ ಊರಿನವರನೇಕರು ಸತ್ತ ದುಃಖದ ವರ್ಷದಲ್ಲಿ, ನಗುವ ಮುಖವಾಡ ಧರಿಸಿ ಕುಣಿಯುವ ಹಬ್ಬವನ್ನು ಆ ನಗರ ಆರಂಭಿಸಿತು. ಅದರ ಗದ್ದಲ ಬೀದಿ ತುಂಬಿತ್ತು. ಆ ವಾರದ ಭಾನುವಾರ ಹುಂಜ ಕಣಕ್ಕೆ ಹೋಯಿತು. ಗೆದ್ದಿತು. ಪದ್ಧತಿಯಂತೆ ಸೋತು ಸತ್ತ ಎದುರಾಳಿ ಹುಂಜವೂ ಗೆದ್ದವನ ಪಾಲಿಗೆ ಬಂದು ಅವರ ಅಡುಗೆಮನೆ ಸೇರಿತು. ಗೆದ್ದದ್ದಕ್ಕೆ ಎದೆಯ ಕೆಳಗೆ ಆಳವಾದ ಗಾಯ. ಹೊಲಿಗೆ ಹಾಕಿಸಿ ತಂದು, ಆತ ರಾತ್ರಿಯೆಲ್ಲ ಅದನ್ನು ಮಡಿಲಲ್ಲಿಟ್ಟುಕೊಂಡು ಅಂಗಳದಲ್ಲಿ ಕುಳಿತಿದ್ದ. ಪಕ್ಕದ ಮನೆಯಲ್ಲಿ ಯಂತ್ರಕ್ಕೆ ನಾಣ್ಯ ಹಾಕಿ ಹಾಡುವವರ ಕೂಗು ಎರಡು ಗಂಟೆಯವರೆಗೂ ನಿಲ್ಲಲಿಲ್ಲ. ಸಾಮಾನ್ಯವಾಗಿ ಅವರೊಡನೆ ಹಾಡುವ ಆತ ಅಂದು ‘ಮೆಲ್ಲಗೆ ಹಾಡಿ, ಇದಕ್ಕೆ ನಿದ್ರೆ ಬೇಕು’ ಎಂದು ಕೂಗಿ ಹೇಳಿದ್ದು ನನಗೆ ಕೇಳಿಸಿತು.

ಎರಡು ದಿನದ ಮೇಲೆ ಆಕೆ ಸಾಲ ತೀರಿಸಲು ಬಂದಳು. ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಇಪ್ಪತ್ತರ, ಹತ್ತರ, ಐದರ ನಾಣ್ಯಗಳು, ಎಣ್ಣೆ ಅಂಟಿದ ಸಣ್ಣ ನೋಟುಗಳು. ಭಾನುವಾರ ಗಂಡನಿಗೆ ಬಂದ ಸಾವಿರದ ನೋಟುಗಳು ಕರೆಂಟು ಬಿಲ್ಲಿಗೆ ಹೋದವೆಂದೂ, ಇದು ತಿಂಗಳಿನಿಂದ ಬೇರೆ ಇಟ್ಟ ಅಂಗಡಿಯ ಹಣವೆಂದೂ, ನಾನು ಕೇಳದೆಯೇ ಹೇಳಿದಳು. ಕರೆಂಟು ಬಿಲ್ಲನ್ನು ಅಂಗಡಿ ಕಟ್ಟಬೇಕಾಗಿದ್ದರೆ ಈ ಡಬ್ಬಿ ತುಂಬುತ್ತಿರಲಿಲ್ಲವೆಂದು ಲೆಕ್ಕ ಬಲ್ಲ ನನಗೂ ಗೊತ್ತು, ಆಕೆಗೂ ಗೊತ್ತಿತ್ತೆಂದು ಕಾಣುತ್ತದೆ. ಇಬ್ಬರೂ ಮೇಜಿನ ಮೇಲೆ ನಾಣ್ಯಗಳನ್ನು ನೂರು ನೂರರ ಗುಡ್ಡೆ ಮಾಡಿ ಎಣಿಸಿದೆವು. ಐದು ಸಾವಿರದ ಹತ್ತು ಬಂತು, ಹತ್ತನ್ನು ಮರಳಿಸಿದೆ. ಆಕೆ ನೋಟುಪುಸ್ತಕ ತೆರೆದು, ‘ಲೋಲೋ’ ಎಂದು ಬರೆದಿದ್ದ ಸಾಲಿನ ಮೇಲೆ ಗೆರೆ ಎಳೆದು, ಪುಟವನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದಳು.