ಸವಾರಿ ಗಾಡಿಯ ಮರ್ಮ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿ ಎರಡು ಸೀಮೆಗಳನ್ನು ಹೊಲಿದಂತಿದೆ. ಮೂಡಲಿಗೆ ಬಯಲಿನ ಬಿಸಿಲು, ಪಡುವಲಿಗೆ ಮಲೆನಾಡಿನ ಮಳೆ. ಬೀರೂರಿನಿಂದ ಹೊರಟ ರೈಲು 1899ರಲ್ಲಿ ಶಿವಮೊಗ್ಗೆಯನ್ನು ಮುಟ್ಟಿತಾದರೂ ಈ ಎರಡು ಊರುಗಳ ಕಡೆಗೆ ತಿರುಗಲಿಲ್ಲ. ಬಸ್ಸುಗಳು ಹಳ್ಳಿಹಳ್ಳಿಗೆ ಬರುವವರೆಗೂ ಇಲ್ಲಿಯ ಸಂಸಾರಗಳನ್ನು ತವರಿಗೂ ಮದುವೆಗೂ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೂ ಮುಟ್ಟಿಸಿದ್ದು ಕಮಾನು ಕಟ್ಟಿದ ಸವಾರಿ ಗಾಡಿ.

ಚೊಚ್ಚಲ ಬಸುರಿಯಾದ ಮಗಳನ್ನು ಕರೆತರಲು ಹೊರಟ ತಂದೆ ಗಾಡಿಯ ಚೆಲುವಿಗೆ ಮರುಳಾಗುವಂತಿರಲಿಲ್ಲ. ಎತ್ತಿನ ಕೊರಳ ಗೆಜ್ಜೆ, ಮೆತ್ತನೆಯ ಒಣಹುಲ್ಲಿನ ಮೇಲೆ ಹಾಸಿದ ಜಮಖಾನ, ಇವೆಲ್ಲ ಕಣ್ಣಿಗೆ ಹಬ್ಬವೇ ಸರಿ. ಆದರೆ ನಡುಗಾಡಿನಲ್ಲಿ ಅಚ್ಚು ಮುರಿದರೆ ಅವು ನೆರವಿಗೆ ಬಂದಾವೆ? ಆದುದರಿಂದ ಅವನು ಬಗ್ಗಿ ಗಾಡಿಯ ಅಡಿಯನ್ನು ನೋಡುತ್ತಿದ್ದ. ಚಕ್ರವನ್ನು ಹಿಡಿದು ಅಲುಗಿಸುತ್ತಿದ್ದ.

ಗಾಡಿಗೂ ಗಾಡಿಗೂ ಇರುವ ತಾರತಮ್ಯವೆಲ್ಲ ಆ ಚಕ್ರದಲ್ಲಿಯೇ ಉಂಟು. ಅರೆಕಾಲಿನ ಒಂದು ತುದಿ ನಡುವಿನ ಗುಂಬಕ್ಕೂ ಇನ್ನೊಂದು ತುದಿ ಅಂಚಿನ ಬಾಗುಮರಕ್ಕೂ ಬಿಗಿಯಾಗಿ ಇಳಿಯಬೇಕು. ಅನಂತರ ಕಮ್ಮಾರನ ಕೆಲಸ. ಚಕ್ರದ ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಪಟ್ಟಿಯನ್ನು ಅವನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ. ಹಿಗ್ಗಿದ ಪಟ್ಟಿಯನ್ನು ಚಕ್ರಕ್ಕೆ ತೊಡಿಸಿ ನೀರೆರೆದೊಡನೆ ಅದು ಕುಗ್ಗಿ ಎಲ್ಲ ಕೀಲುಗಳನ್ನೂ ಒಮ್ಮೆಗೇ ಅಪ್ಪಿ ಹಿಡಿಯುತ್ತದೆ.

ಹೊಸತರಲ್ಲಿ ಹಸಿಮರದ ಚಕ್ರಕ್ಕೂ ಚೆನ್ನಾಗಿ ಒಣಗಿಸಿದ ಮರದ ಚಕ್ರಕ್ಕೂ ಭೇದ ಕಾಣದು. ಸೊರಬದ ಮಳೆಗಾಲದಲ್ಲಿ ಎರಡೂ ಉಬ್ಬಿ ಬಿಗಿಯಾಗಿಯೇ ಇರುತ್ತವೆ. ಬೇಸಗೆಯಲ್ಲಿ ಶಿಕಾರಿಪುರದ ಬಯಲಿಗೆ ಇಳಿದಾಗ ಗುಟ್ಟು ರಟ್ಟಾಗುತ್ತದೆ. ಹಸಿಮರ ಸೊರಗಿ, ಪಟ್ಟಿ ಸಡಿಲಗೊಂಡು, ಅರೆಕಾಲುಗಳು ಕಟಕಟನೆ ದೂರು ಹೇಳತೊಡಗುತ್ತವೆ. ಅಂಥ ಚಕ್ರವನ್ನು ನೀರಿನಲ್ಲಿ ನೆನೆಹಾಕಿ ಬಿಗಿಮಾಡುವುದುಂಟು. ಅದು ಮತ್ತೆ ಒಣಗುವವರೆಗಿನ ಉಪಶಮನ ಮಾತ್ರ.

ಇದು ಎತ್ತಿನ ಗಾಡಿಗಷ್ಟೇ ಸಲ್ಲುವ ಮಾತಲ್ಲ. ಅಮೆರಿಕದಲ್ಲಿ ಮೋಟಾರಿನ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆಗಳುಂಟು. ಅವುಗಳಲ್ಲಿ 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ಟುಗಳಿಂದ ಬೆಸೆದು ಮಾಡಿದ್ದು. ಹಳೆಯ ಬೇರೆ ಅನೇಕ ಟ್ರೇಲರುಗಳಿಗೆ ಹೊರಗೆ ತಗಡು, ಒಳಗೆ ಮರದ ಚೌಕಟ್ಟು. ಚಾವಣಿಯ ಸಂದಿನಿಂದ ಜಿನುಗಿದ ನೀರು ಆ ಮರವನ್ನು ಯಾರಿಗೂ ಕಾಣದಂತೆ ಕೊಳೆಸುತ್ತದೆ. ಮೇಲೆ ತಳುಕು, ಒಳಗೆ ಹುಳುಕು ಎಂಬ ಗಾದೆ ಕಡಲಾಚೆಗೂ ಸಲ್ಲುತ್ತದೆ.

ಸವಾರಿ ಗಾಡಿಯಲ್ಲಿ ಹಾಗೆ ಮುಚ್ಚಿಡಲು ತಗಡಿಲ್ಲ. ಅಚ್ಚು, ಕೀಲು, ನೊಗ, ಮೂಕಿ ಎಲ್ಲವೂ ಕಣ್ಣೆದುರಿಗೆ ಬಯಲಾಗಿವೆ. ಕಾಣದಿರುವುದು ಒಂದೇ: ಕೊಯ್ದ ಮರವನ್ನು ಬಡಗಿ ಎಷ್ಟು ಕಾಲ ನೆರಳಿನಲ್ಲಿ ಒಣಗಲು ಬಿಟ್ಟನೆಂಬುದು. ಅದಕ್ಕೆ ಅವನ ಮಾತೇ ಪ್ರಮಾಣ. ಮಗಳ ಪ್ರಾಣವನ್ನು ಆ ಮಾತಿನ ಮೇಲೆಯೇ ತಂದೆ ಇರಿಸಬೇಕಾಗಿತ್ತು.

ಈಗ ಗಾಡಿಗಳಿಗೆ ರಬ್ಬರಿನ ಗಾಲಿ ಬಂದಿದೆ. ಹಳೆಯ ಚಕ್ರಗಳು ವಾರ್ನಿಷು ಬಳಿಸಿಕೊಂಡು ಹೋಟೆಲುಗಳ ಬಾಗಿಲಲ್ಲಿ ಒರಗಿ ನಿಂತಿವೆ. ಅಲ್ಲಿ ನಿಲ್ಲುವವರು ಹೊಳಪನ್ನು ಬಿಟ್ಟು ಒಂದು ಅರೆಕಾಲನ್ನು ಹಿಡಿದು ಅಲುಗಿಸಿ ನೋಡಲಿ. ಎಷ್ಟೋ ಬೇಸಗೆಗಳನ್ನು ಕಂಡೂ ಅದು ಕದಲದಿದ್ದರೆ, ಹೆಸರು ತಿಳಿಯದ ಯಾವನೋ ಬಡಗಿ ಅವಸರಪಡದೆ ಕಾದಿದ್ದನೆಂದು ತಿಳಿಯಬೇಕು.